ಮಾವನ ಬ್ಯಾಟ್ರಿ ಪರೀಕ್ಷೆ

ಫರೀದಾಬಾದಿನ ಎನ್‌ಐಟಿ ಮಾರ್ಕೆಟ್ಟಿನಲ್ಲಿ ಟಾರ್ಚು ಕೊಳ್ಳಲು ಬಂದ ಗಿರಾಕಿ ಅಂಗಡಿಯವನ ಬಳಿ ಕುಂಕುಮ ಕೇಳಿದ್ದು ಅದೇ ಮೊದಲಿರಬೇಕು. ಕೇಳಿದವರು ನನ್ನ ಸೋದರಮಾವ, ತೀರ್ಥಹಳ್ಳಿ ಕಡೆಯವರು. ಪ್ರಾಯದಲ್ಲಿ ರಾತ್ರಿಯಿಡೀ ಬೇಟೆಗೆಂದು ಮರಸು ಕೂತವರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದೇ ತಡ, ಕೋವಿ ಕೆಳಗಿಟ್ಟೆ ಎನ್ನುತ್ತಾರೆ. ಆ ಮಾತು ಬಂದಾಗಲೆಲ್ಲ ಅತ್ತೆಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ.

ಹಿಂದಿನ ರಾತ್ರಿ ಗುರುಗ್ರಾಮದ ರಸ್ತೆಯಲ್ಲಿ, ಮಾಂಗರ್ ತಿರುವಿನ ಹತ್ತಿರ, ಮುಂದಿನ ಕಾರು ಒಂದು ನೀಲಗಾಯಿಗೆ ಬಡಿದಿತ್ತು. ಅದು ಕುಂಟುತ್ತ ಬಳ್ಳಾರಿ ಜಾಲಿಯ ಪೊದೆಗೆ ನುಗ್ಗಿತು. ಮಾವ ನನ್ನ ಮೊಬೈಲ್ ದೀಪ ಹಿಡಿದು ರಸ್ತೆಯಂಚಿನಲ್ಲಿ ನೆತ್ತರ ಜಾಡು ಹುಡುಕುತ್ತ ಬಗ್ಗಿ ನೋಡಿದರು. "ಎಂತದಾ ಇದು? ನೆತ್ತರೂ ಮಣ್ಣೂ ಒಂದೇ ಬಣ್ಣ ಕಾಣ್ತದಲ್ಲಾ!"

ಮಾತು ಸರಿಯಾಗಿತ್ತು. ಮೊಬೈಲಿನಲ್ಲಿರುವಂಥ ಸಾಮಾನ್ಯ ಎಲ್‌ಇಡಿ ಮೂಲದಲ್ಲಿ ನೀಲಿ ದೀಪ. ಮೇಲೆ ಹಳದಿ ಲೇಪ ಬಳಿದು ಬಿಳಿ ಮಾಡಿರುತ್ತಾರೆ. ಅದರಲ್ಲಿ ಕೆಂಪಿಗೆ ಬಡತನ. ಬೀಳುವ ಬೆಳಕಿನಲ್ಲೇ ಕೆಂಪಿಲ್ಲದಿದ್ದರೆ ರಕ್ತ ತಾನೇ ಎಲ್ಲಿಂದ ತಂದೀತು? ಹಾಗಂತ ಕೆಂಪು ದೀಪ ಹಿಡಿದರೆ ಎಲೆ, ಮಣ್ಣು, ಕಲ್ಲು ಎಲ್ಲವೂ ಕೆಂಪಾಗಿ ರಕ್ತ ಅದರಲ್ಲೇ ಕರಗಿಹೋಗುತ್ತದೆ. ಹಸಿರು ದೀಪಕ್ಕೆ ರಕ್ತ ಕಪ್ಪಾಗುತ್ತದೆ, ನಿಜ. ಒದ್ದೆ ತರಗೆಲೆಯೂ ಹಾಗೇ ಕಾಣುತ್ತದೆ. ಕೊನೆಗೆ ಗೆಲ್ಲುವುದು ಹಳೇ ತಂತಿ ಬಲ್ಬಿನ ಹಳದಿ ಬೆಳಕು, ಇಲ್ಲವೇ ಬಣ್ಣ ಕೆಡಿಸದಂತೆ ಮಾಡಿದ ದುಬಾರಿ ಎಲ್‌ಇಡಿ.

ಇದನ್ನು ಅಂಗಡಿಯವನಿಗೆ ಹೇಳುವುದು ಹೇಗೆ? ದೆಹಲಿ ಪಕ್ಕದ ಊರಿನಲ್ಲಿ "ಕತ್ತಲಲ್ಲಿ ರಕ್ತ ಕಾಣುವ ಟಾರ್ಚು ಕೊಡಿ" ಎಂದರೆ ಬಿಲ್ಲಿಗಿಂತ ಮೊದಲು ಪೊಲೀಸರು ಬರುತ್ತಾರೆ. ಅಂಕಲ್‌ಜೀಗೆ ಮೆಟ್ಟಿಲ ಮೇಲಿನ ಪಾನ್ ಕಲೆ ಕಾಣಬೇಕಂತೆ ಎಂದೆ. ಅವನು ತಕ್ಷಣ ಕರಗಿದ. ಆ ಕಷ್ಟ ಊರಿಗೆಲ್ಲ ಇದೆಯಲ್ಲ.

"ಇದು ನೋಡಿ, ಎರಡು ಕಿಲೋಮೀಟರ್ ಹೋಗುತ್ತೆ" ಎಂದು ಫಿರಂಗಿಯಂಥದ್ದೊಂದನ್ನು ಎತ್ತಿಕೊಟ್ಟ.

"ಎರಡು ಕಿಲೋಮೀಟರ್ ಆಚೆ ನಂಗೆಂತ ಕೆಲಸ ಮಾರಾಯ? ಜಾಡು ಇರೋದು ಕಾಲಬುಡದಲ್ಲಿ!" ಎಂದ ಮಾವ, ಖಾಕಿ ರಟ್ಟಿನ ಮೇಲೆ ನೆತ್ತರಿನ ಬದಲು ಕುಂಕುಮ ಉದುರಿಸಿ ಒಂದೊಂದೇ ಟಾರ್ಚು ಬಿಟ್ಟು ನೋಡಿದರು. ಪಕ್ಕದಂಗಡಿಯವರು ಇದು ಪೂಜೆಯೆಂದು ಚಪ್ಪಲಿ ಕಳಚಿ ನಿಂತರು. ಗೆದ್ದದ್ದು ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಮೂರು ಸೆಲ್ಲಿನ ಬಲ್ಬಿನ ಬ್ಯಾಟ್ರಿ. ಅಂಗಡಿಯವನಿಗೆ ಅದರ ಬೆಲೆಯೇ ಮರೆತುಹೋಗಿತ್ತು. ನೆನಪಿಸಿಕೊಂಡದ್ದು ಮಾತ್ರ ಧಾರಾಳವಾಗಿ.

ಅಷ್ಟಾದ ಮೇಲೂ ಮಾವನನ್ನು ಕಾಡಿಗಿಳಿಯಲು ನಾನು ಬಿಡಲಿಲ್ಲ. ಮಾಂಗರ್ ಬನಿ ನಮ್ಮ ಕಡೆಯ ದೇವರಕಾಡಿನಂಥದ್ದು. ಅದಿರುವ ಅರಾವಳಿ ಬೆಟ್ಟಗಳಲ್ಲಿ ಚಿರತೆಗಳಿವೆ, ಅವಕ್ಕೆ ಜಾಡು ಹಿಡಿಯಲು ಬ್ಯಾಟ್ರಿ ಬೇಡ. ಪೆಟ್ಟು ತಿಂದ ಮಿಗ ಕಂಡರೆ ಅರಣ್ಯ ಇಲಾಖೆಗೆ ಫೋನ್ ಮಾಡಿ, ಬೆನ್ನು ಹತ್ತಬೇಡಿ. ಅದಕ್ಕೂ ಮೊದಲು, ರಾತ್ರಿ ಆ ರಸ್ತೆಯಲ್ಲಿ ಹೋಗುವವರೇ, ನಿಮ್ಮ ಹೆಡ್‌ಲೈಟು ಹಳದಿಯಿರಲಿ ಬಿಳಿಯಿರಲಿ, ಕಾರು ಸ್ವಲ್ಪ ನಿಧಾನಕ್ಕೆ ಓಡಿಸಿ.