ಸನ್ನಾಹಶಾಸ್ತ್ರ ಪ್ರವೇಶಿಕೆ

ಭೌತವಿಜ್ಞಾನಕ್ಕೆ ಶಾಸ್ತ್ರವಿದೆ, ಪರೀಕ್ಷೆಗೆ ನಿಯಮಾವಳಿಯಿದೆ. ಇವೆರಡರ ನಡುವೆ ಹರಡಿಕೊಂಡು, ಬಿ.ಎಸ್ಸಿ. ಅಂತಿಮ ವರ್ಷದ ವಿದ್ಯಾರ್ಥಿಯ ಆಯುಷ್ಯವನ್ನು ನಿಶ್ಶೇಷವಾಗಿ ವ್ಯಾಪಿಸುವ ‘ತಯಾರಿ’ ಎಂಬ ಪದಾರ್ಥಕ್ಕೆ ಮಾತ್ರ ಈವರೆಗೆ ಶಾಸ್ತ್ರವಿಲ್ಲ. ಈ ನ್ಯೂನತೆಯ ನಿವಾರಣೆಗಾಗಿ ಸನ್ನಾಹಶಾಸ್ತ್ರವೆಂಬ ನೂತನ ಜ್ಞಾನಶಾಖೆಯನ್ನು ಇಲ್ಲಿ ಪ್ರತಿಷ್ಠಾಪಿಸಲಾಗಿದೆ. ನಿದರ್ಶನಕ್ಷೇತ್ರ: ಕೃಷ್ಣಗಿರಿ ಜಿಲ್ಲೆಯ ತಳಿ. ನಿದರ್ಶನಪರೀಕ್ಷೆ: ಎಂ.ಎಸ್ಸಿ. ಪ್ರವೇಶಕ್ಕಾಗಿ ಐಐಟಿಗಳು ನಡೆಸುವ ಜ್ಯಾಮ್. ಜಿಲ್ಲೆ ಧರ್ಮಪುರಿಯಿಂದ ಬೇರ್ಪಟ್ಟದ್ದೂ ಪರೀಕ್ಷೆ ಪ್ರವರ್ತನೆಗೊಂಡದ್ದೂ 2004ರಲ್ಲೇ. ಕಾರ್ಯಕಾರಣಭಾವ ಸಿದ್ಧವಾಗದ ಕಾರಣ ಇದನ್ನು ಕೇವಲ ಸಮಕಾಲಿಕತ್ವವೆಂದು ದಾಖಲಿಸಿ ಮುಂದುವರಿಯುತ್ತೇವೆ.

ಮೊದಲು ಲಕ್ಷಣನಿರೂಪಣೆ. ‘ಪರೀಕ್ಷೋದ್ದೇಶದಿಂದ ಓದುವುದೇ ಸನ್ನಾಹ’ ಎಂದರೆ ಅವ್ಯಾಪ್ತಿದೋಷ ಬರುತ್ತದೆ. ವೇಳಾಪಟ್ಟಿಗೆ ಗೆರೆ ಎಳೆಯುವುದು, ನಾಲ್ಕು ಬಣ್ಣದ ಪೆನ್ನು ಕೊಳ್ಳುವುದು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಸವಿವಾರು ಜೋಡಿಸುವುದು ಇವೆಲ್ಲ ಲೋಕಪ್ರಸಿದ್ಧ ಸನ್ನಾಹಗಳಾಗಿಯೂ ಲಕ್ಷಣದ ಹೊರಗುಳಿಯುತ್ತವೆ. ‘ಪರೀಕ್ಷೋದ್ದೇಶದ ಸಮಸ್ತ ಕ್ರಿಯೆ’ ಎಂದರೆ ತಾಯಿ ಹೊತ್ತ ಹರಕೆಯೂ ಒಳಗೆ ಬಂದು ಅತಿವ್ಯಾಪ್ತಿಯಾಗುತ್ತದೆ. ಆದ್ದರಿಂದ ಸಿದ್ಧಾಂತಲಕ್ಷಣ ಹೀಗೆ: ಓದನ್ನು ಉದ್ದೇಶವಾಗುಳ್ಳ, ಓದಿನಿಂದ ಭಿನ್ನವಾದ, ಓದಿನ ಕಾಲವನ್ನೇ ಆಶ್ರಯಿಸಿದ ಕ್ರಿಯಾಸಂತತಿಯೇ ಸನ್ನಾಹ. ಹರಕೆಗೆ ಸನ್ನಾಹಿಯ ಕಾಲ ವ್ಯಯವಾಗದ್ದರಿಂದ ಅದು ಹೊರಗೆ; ದೇವಸ್ಥಾನಕ್ಕೆ ಅವನನ್ನೂ ಕರೆದೊಯ್ದರೆ ಒಳಗೆ.

ಹಾಗಿದ್ದರೆ ಸನ್ನಾಹದಲ್ಲಿ ಓದಿಗೆ ಸ್ಥಾನವೇ ಇಲ್ಲವೆ ಎಂಬುದು ಪೂರ್ವಪಕ್ಷ. ಇದೆ, ಅಭಾವರೂಪದಲ್ಲಿ ಇದೆ. ತಾರ್ಕಿಕರು ಹೇಳಿದ ಅಭಾವಚತುಷ್ಟಯ ಇಲ್ಲಿ ಸಂಪೂರ್ಣವಾಗಿ ಅನ್ವಯಿಸುತ್ತದೆ.

(1) ಪ್ರಾಗಭಾವ. ಓದು ಇನ್ನೂ ಹುಟ್ಟಿಲ್ಲ, ಹುಟ್ಟಲಿದೆ. ಇದು ಅನಾದಿ. ಅವಧಿಭೇದದಿಂದ ಮೂರು ಬಗೆ: (ಅ) ಸೋಮವಾರಾವಧಿಕ, (ಆ) ಸೆಮಿಸ್ಟರಾವಧಿಕ, ಅರ್ಥಾತ್ ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದ ಪರೀಕ್ಷೆ ಮುಗಿದ ಮೇಲಿನದು, (ಇ) ಉತ್ಸವಾವಧಿಕ. ಆಯುಧಪೂಜೆಯಿಂದ ದೀಪಾವಳಿಗೂ ದೀಪಾವಳಿಯಿಂದ ಪೊಂಗಲ್‌ಗೂ ಸಂಕ್ರಮಿಸುವ ಗುಣ ಈ ಮೂರನೆಯದಕ್ಕಿದೆ. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತಮಿಳು, ಸಂತೆಯಲ್ಲಿ ತೆಲುಗು ನಡೆಯುವ ಈ ಸೀಮೆಯಲ್ಲಿ ಹಬ್ಬಗಳಿಗೆ ಕೊರತೆಯಿಲ್ಲ. ಪ್ರಾಗಭಾವಕ್ಕೆ ಅಂತ್ಯ ಉಂಟೆಂದು ತಾರ್ಕಿಕರ ಮತ. ಜ್ಯಾಮ್ ಫೆಬ್ರವರಿಯಲ್ಲಿ ನಡೆಯುವುದರಿಂದ ನಮ್ಮದೂ ಅದೇ ಮತ.

(2) ಪ್ರಧ್ವಂಸಾಭಾವ. ಓದಿದ್ದು ಮರೆತುಹೋದದ್ದು. ಇದಕ್ಕೆ ಆದಿಯಿದೆ, ಅಂತ್ಯವಿಲ್ಲ. ಒಡೆದ ಗಡಿಗೆ ಅದೇ ಗಡಿಗೆಯಾಗಿ ಮರಳದಂತೆ ಧ್ವಂಸವಾದ ಓದೂ ಮರಳದು. ಆದಕಾರಣ ‘ರಿವಿಷನ್’ ಎಂಬುದು ಶಾಸ್ತ್ರತಃ ಅಸಂಭವ. ಆ ಹೆಸರಿನಲ್ಲಿ ನಡೆಯುವುದು ಅದೇ ಪುಟಗಳ ಮತ್ತೊಂದು ಪ್ರಥಮಪಠಣ.

(3) ಅತ್ಯಂತಾಭಾವ. ಭೂತ, ಭವಿಷ್ಯತ್, ವರ್ತಮಾನ ಮೂರರಲ್ಲೂ ಇಲ್ಲದ್ದು. ಜ್ಯಾಮ್‌ನ ಭೌತಶಾಸ್ತ್ರ ಪಠ್ಯಕ್ರಮದ ಏಳು ಘಟಕಗಳಲ್ಲಿ ಕಡೆಯದಾದ ಘನಸ್ಥಿತಿ ಭೌತಶಾಸ್ತ್ರ ಮತ್ತು ಎಲೆಕ್ಟ್ರಾನಿಕ್ಸ್ ಇದರ ನಿತ್ಯಾಶ್ರಯ.

(4) ಅನ್ಯೋನ್ಯಾಭಾವ. ಗ್ರಂಥವು ಓದಲ್ಲ, ಓದು ಗ್ರಂಥವಲ್ಲ. ಗ್ರಿಫಿತ್ಸ್, ಇರೋಡೋವ್, ಕ್ಲೆಪ್ನರ್-ಕೋಲೆಂಕೋವ್ ಇವು ಸ್ವಕೀಯ (ಹೊಸೂರಿನಲ್ಲಿ ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿದ್ದು), ಪರಕೀಯ (ಸೀನಿಯರ್‌ನಿಂದ ತಂದದ್ದು) ಮತ್ತು ಅಶರೀರಿ (ಮೊಬೈಲಿನ ಪಿಡಿಎಫ್) ಎಂದು ಮೂರು ಅವಸ್ಥೆಗಳಲ್ಲಿ ಸನ್ನಾಹಿಯನ್ನು ಸೇರುತ್ತವೆ. ಮೂರೂ ಅವಸ್ಥೆಗಳಲ್ಲಿ ಭೇದ ಅಬಾಧಿತ.

ಈಗ ಅಜ್ಞಾನಮೌಲ್ಯಪ್ರಕರಣ. ಪರೀಕ್ಷೆ ಮೂರು ಗಂಟೆಯದು. ಪ್ರಶ್ನೆ 60, ಅಂಕ 100. ‘ಎ’ ವಿಭಾಗದ 30 ಪ್ರಶ್ನೆಗಳಲ್ಲಿ ನಾಲ್ಕು ವಿಕಲ್ಪಗಳಿಗೆ ಒಂದೇ ಉತ್ತರ. ಒಂದಂಕದ ಪ್ರಶ್ನೆಯಲ್ಲಿ ತಪ್ಪಿದರೆ 1/3 ಕಡಿತ, ಎರಡಂಕದ್ದಾದರೆ 2/3. ಕಣ್ಣುಮುಚ್ಚಿ ಗುರುತಿಸುವವನ ಸರಾಸರಿ ಲಾಭ ಇಲ್ಲಿ ಶುದ್ಧಶೂನ್ಯ. ‘ಬಿ’ ವಿಭಾಗದ 10 ಪ್ರಶ್ನೆಗಳಲ್ಲಿ ಒಂದಾಗಲಿ ಹೆಚ್ಚಾಗಲಿ ಸರಿಯುತ್ತರಗಳಿರಬಹುದು. ಎರಡೆರಡು ಅಂಕ, ಕಡಿತವಿಲ್ಲ, ಅರೆಬರೆಗೆ ಅಂಕವೂ ಇಲ್ಲ. ಸಂಭಾವ್ಯ ಆಯ್ಕೆಗಳು 15 ಆದ್ದರಿಂದ ಪ್ರತಿ ಪ್ರಶ್ನೆಗೆ ಅಜ್ಞಾನದ ಪ್ರತಿಫಲ 2/15, ಒಟ್ಟು 4/3. ‘ಸಿ’ ವಿಭಾಗದ 20 ಪ್ರಶ್ನೆಗಳಿಗೆ ಸಂಖ್ಯೆಯನ್ನೇ ಒತ್ತಬೇಕು. ಸಂಖ್ಯೆಗಳು ಅಸಂಖ್ಯಾತವಾದ್ದರಿಂದ ಅಲ್ಲಿ ಅಜ್ಞಾನ ನಿಷ್ಫಲ. ಹೀಗೆ ಪರಿಪೂರ್ಣ ಅಜ್ಞಾನದ ಮೌಲ್ಯ ನೂರಕ್ಕೆ ಒಂದೂ ಮೂರನೇ ಒಂದು ಎಂದು ನಿರ್ಣಯ. ಇನ್ನು ಒಂದಂಕದ ಪ್ರಶ್ನೆಯಲ್ಲಿ ಒಂದು ವಿಕಲ್ಪ ಸುಳ್ಳೆಂದು ಮಾತ್ರ ತಿಳಿದವನಿಗೆ ಸಿಗುವುದು 1/9 ಅಂಕ. ಇದನ್ನೇ ಜ್ಞಾನಪರಮಾಣು ಎಂದು ಸ್ವೀಕರಿಸಿದ್ದೇವೆ. ಎರಡು ಪರಮಾಣು ಕೂಡಿದ ದ್ವ್ಯಣುಕದ ಬೆಲೆ ಮಾತ್ರ 2/9 ಆಗದೆ 1/3 ಆಗುತ್ತದೆ. ಸುಳ್ಳುಗಳನ್ನು ತಿಳಿದುಕೊಳ್ಳುತ್ತ ಹೋದಂತೆ ಒಂದೊಂದು ಸುಳ್ಳಿನ ಬೆಲೆಯೂ ಏರುವ ಈ ಧರ್ಮವನ್ನು ವೈಶೇಷಿಕರು ಗಮನಿಸಿದಂತಿಲ್ಲ.

ಉಳಿದದ್ದು ವಿಘ್ನಪ್ರಕರಣ. ಸಾಂಖ್ಯರ ತಾಪತ್ರಯವಿಭಾಗವನ್ನೇ ಇಲ್ಲಿ ಅನುಸರಿಸಲಾಗಿದೆ. ಆಧ್ಯಾತ್ಮಿಕ: ನಿದ್ರೆ ಮತ್ತು ಮೊಬೈಲು. ಮೊಬೈಲು ದೇಹಕ್ಕೆ ಬಾಹ್ಯವಲ್ಲವೆ ಎಂದು ಆಕ್ಷೇಪಿಸಬಹುದು. ಕೈಯಿಂದ ಬೇರ್ಪಟ್ಟದ್ದು ಕಂಡುಬಾರದ್ದರಿಂದ ಅದು ಅವಯವವೇ. ಆಧಿದೈವಿಕ: ಕರೆಂಟು ಹೋಗುವುದು ಮತ್ತು ಚಳಿ. ಬ್ರಿಟಿಷರು ಲಿಟ್ಲ್ ಇಂಗ್ಲೆಂಡ್ ಎಂದು ಕರೆದ ಊರಿದು. ಡಿಸೆಂಬರಿನ ಬ್ರಾಹ್ಮೀಮುಹೂರ್ತದಲ್ಲಿ ಕಂಬಳಿಯ ಜಡತ್ವ ಪರಮಾವಧಿಗೆ ಮುಟ್ಟುತ್ತದೆ. ಆಧಿಭೌತಿಕದಲ್ಲಿ ದ್ವಿಪದ, ಚತುಷ್ಪದ ಎಂದು ಎರಡು. ದ್ವಿಪದವಿಘ್ನವು ಮದುವೆಮನೆಗಳಲ್ಲಿ ಸೋದರಮಾವನ ರೂಪದಲ್ಲಿ, “ಏನಪ್ಪಾ, ಅದೇನೋ ಐಐಟಿ ಅಂತಿದ್ದೆ? ಬಿ.ಎಡ್. ಮಾಡ್ಕೊಂಡಿದ್ರೆ ಇಷ್ಟೊತ್ತಿಗೆ ಮೇಷ್ಟ್ರಾಗ್ತಿದ್ದೆ” ಎಂಬ ಶಬ್ದಲಿಂಗದಿಂದ ಅನುಮೇಯವಾಗುತ್ತದೆ.

ಚತುಷ್ಪದವಿಘ್ನವೆಂದರೆ ಆನೆ. ರಾಗಿ ತೆನೆಗಟ್ಟುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ ಕಾಡಿನ ಮೂಲಕ ಹಿಂಡುಗಳು ಇತ್ತ ಇಳಿಯುತ್ತವೆ. ಜ್ಯಾಮ್‌ಗೆ ಎರಡು ಮೂರು ತಿಂಗಳು ಉಳಿದಿರುವ ಕಾಲವೂ ಅದೇ. ಸನ್ನಾಹಿಯು ರಾತ್ರಿ ಅಟ್ಟಣೆಯ ಮೇಲೆ ಟಾರ್ಚು, ತಮಟೆ ಮತ್ತು ಗ್ರಿಫಿತ್ಸ್ ಸಮೇತ ಕಾವಲು ಕೂರುತ್ತಾನೆ. ಆ ರಾತ್ರಿಯ ಓದು ಯಾರ ಲೆಕ್ಕಕ್ಕೆ? ಕಾವಲು ಮುಖ್ಯ, ಓದು ಆನುಷಂಗಿಕ ಎಂಬುದು ತಂದೆಯ ಪಕ್ಷ. ವಿಪರೀತವೆಂಬುದು ಮಗನ ಪಕ್ಷ. ಪ್ರಮಾಣದಿಂದಲೇ ನಿರ್ಣಯವಾಗಬೇಕು. ಆನೆ ಬಂದು ಓಡಿಸಲ್ಪಟ್ಟರೆ ಕಾವಲು ಸಿದ್ಧ. ಆನೆ ಬಾರದಿದ್ದರೆ ಏನೂ ಸಿದ್ಧವಾಗದು. ಆನೆ ಬಂದು, ಸಾವಕಾಶವಾಗಿ ರಾಗಿ ಮೇಯ್ದು, ಅಟ್ಟಣೆಯ ಮೇಲಿನವನಿಗೆ ತಿಳಿಯದಂತೆ ಹಿಂತಿರುಗಿದರೆ ಮಾತ್ರ ಓದು ನಡೆದದ್ದಕ್ಕೆ ನಿರ್ವಿವಾದ ಪ್ರಮಾಣ ದೊರೆಯುತ್ತದೆ. ನಿದ್ರೆಯಿಂದಲೂ ಇದೇ ಫಲ ಸಂಭವಿಸುವುದರಿಂದ ಪ್ರತಿ ಅಟ್ಟಣೆಗೆ ಒಬ್ಬ ತಟಸ್ಥ ಸಾಕ್ಷಿಯನ್ನು ಕೂರಿಸಬೇಕೆಂದೂ, ಸಾಕ್ಷಿಯು ಆನೆಯನ್ನು ಕಂಡರೂ ಕೂಗಬಾರದೆಂದೂ ವಿಧಿಸಲಾಗಿದೆ. ಇದಕ್ಕೆ ಹೊಲದ ಒಡೆಯರ ಒಪ್ಪಿಗೆ ಅವಶ್ಯ. ಒಪ್ಪಿಗೆಯನ್ನು ಕೇಳಲಾಗಿದೆ.