ಬೋಂಡಾ ಎಣ್ಣೆಯ ಪುಷ್ಪಕ ವಿಮಾನ

(ಶಿವಣ್ಣನ ಬೋಂಡಾ ಅಂಗಡಿ. ಕಪ್ಪಿಟ್ಟ ಎಣ್ಣೆಯಲ್ಲಿ ಮೆಣಸಿನಕಾಯಿ ಬಜ್ಜಿ ಈಜುತ್ತಿದೆ.)

ರಾಯರು: ಶಿವಣ್ಣ, ಈ ಎಣ್ಣೆ ಚೆಲ್ಲಬೇಡಪ್ಪಾ. ಇದರಲ್ಲಿ ವಿಮಾನ ಹಾರಿಸ್ತಾರೆ!

ಶಿವಣ್ಣ: ರೈಲು ಬಿಡೋಕೆ ನಾನೇ ಸಿಕ್ಕಿದ್ನಾ ಸ್ವಾಮಿ?

ರಾಯರು: ಸತ್ಯ ಕಣಯ್ಯಾ. 2023ರ ನವೆಂಬರಿನಲ್ಲಿ ಲಂಡನ್ನಿಂದ ನ್ಯೂಯಾರ್ಕಿಗೆ ಒಂದು ವಿಮಾನ ಬಹುಪಾಲು ಇಂಥ ಜಿಡ್ಡಿನ ಇಂಧನದಲ್ಲೇ ಹೋಯ್ತು. ನಮ್ಮಲ್ಲೂ 2027ಕ್ಕೆ ಶೇ. 1 ಬೆರೆಸೋ ಗುರಿಯಿದೆ. ಅದೂ ವಿದೇಶಕ್ಕೆ ಹಾರೋ ವಿಮಾನಗಳಿಗೆ ಮಾತ್ರ.

ಶಿವಣ್ಣ: ಉಳಿದ 99?

ರಾಯರು: ಅದೇ ಹಳೇ ಸೀಮೆಎಣ್ಣೆ ಜಾತಿಯದು. ಹೊಸದು ಬಲು ದುಬಾರಿ. ಕರಿದ ಎಣ್ಣೇನೂ ಸಾಲಲ್ಲ.

ಶಿವಣ್ಣ: ಒಂದು ಬೇಳೆ ಹಾಕಿ ಊರಿಗೆಲ್ಲ ಸಾರು ಮಾಡ್ದಂಗಾಯ್ತು! ಅಂದ್ಹಾಗೆ, ಪ್ರಯಾಣ ಎಲ್ಲಿಗೆ?

ರಾಯರು: ದಿಲ್ಲಿಗೆ. ಪರಿಸರ ವಿಚಾರ ಸಂಕಿರಣ. ಹತ್ತು ನಿಮಿಷ ಭಾಷಣ.

ಶಿವಣ್ಣ: ಫೋನಲ್ಲೇ ಮಾತಾಡಬಹುದಿತ್ತಲ್ಲ?

ರಾಯರು: ಶಾಲು ಫೋನಲ್ಲಿ ಹೊದಿಸ್ತಾರೇನಯ್ಯಾ? ವಿಮಾನದ ಹೊಗೆಯ ಪಾಪಪರಿಹಾರಕ್ಕೆ ಟಿಕೆಟ್ ಜೊತೆ ದುಡ್ಡು ಕಟ್ಟಿದೀನಿ. ಗಿಡ ನೆಡ್ತಾರಂತೆ.

ಶಿವಣ್ಣ: ಎಲ್ಲಿ?

ರಾಯರು: ರಸೀದಿಯಲ್ಲಿ ಬರೆದಿಲ್ಲ.

ಶಿವಣ್ಣ: ಕರ್ನಾಟಕ ಎಕ್ಸ್‌ಪ್ರೆಸ್ ದಿನಾ ದಿಲ್ಲಿಗೆ ಹೋಗುತ್ತೆ ಸ್ವಾಮಿ. ಕರೆಂಟಲ್ಲೇ ಓಡುತ್ತೆ. ಎರಡು ರಾತ್ರಿ, ಅಷ್ಟೆ.