ಆಂಗ್ಲೋದ್ಯಾನ ಮಾರ್ಜಾಲ ಮೀಮಾಂಸೆ

ಅಧಿಕಾರಿ, ವಿಷಯ, ಪ್ರಯೋಜನ, ಸಂಬಂಧ – ಈ ನಾಲ್ಕನ್ನು ಹೇಳದೆ ಶಾಸ್ತ್ರಕ್ಕೆ ಕೈಹಾಕಬಾರದೆಂಬುದು ಹಿರಿಯರ ಕಟ್ಟಳೆ. ಈ ಶಾಸ್ತ್ರಕ್ಕೆ ಅಧಿಕಾರಿ, ಬೆಳಗಾಗೆದ್ದು ಕ್ಯಾರೆಟ್ ಪಾತಿಗೆ ಬರಿಗೈ ಇಟ್ಟು ಮೆತ್ತಗಿನದೇನನ್ನೋ ಮುಟ್ಟಿದ ಇಂಗ್ಲೆಂಡಿನ ಗೃಹಸ್ಥ. ವಿಷಯ, ಆ ಮೆತ್ತಗಿನದು. ಪ್ರಯೋಜನ, ನಾಳೆ ಅದು ಅಲ್ಲಿರದಿರುವುದು. ಸಂಬಂಧ ಮಾತ್ರ ತುಸು ಜಟಿಲ, ಏಕೆಂದರೆ ಬೆಕ್ಕು ಪಕ್ಕದ ಮನೆಯದು.

ಮೊದಲು ಪೂರ್ವಪಕ್ಷ. ಬೆಕ್ಕಿಗೆ ಒಡೆಯನಿದ್ದಾನಷ್ಟೆ, ಅವನ ಮೇಲೆ ದಾವೆ ಹೂಡಿದರಾಯಿತು ಎನ್ನುತ್ತಾನೆ ಗೃಹಸ್ಥ. ಈ ವಾದ ನಿಲ್ಲದು. 1968ರ ಕಳ್ಳತನ ಕಾಯ್ದೆಯ ಪ್ರಕಾರ ಬೆಕ್ಕು ಒಡೆಯನ ಆಸ್ತಿಯೇನೋ ಹೌದು. ಆದರೆ 1971ರ ಪ್ರಾಣಿ ಕಾಯ್ದೆಯ ಪ್ರಕಾರ ದನ, ಕುರಿ, ಹಂದಿ, ಕೋಳಿಗಳು ಪರರ ಜಮೀನಿಗೆ ನುಗ್ಗಿ ಹಾಳುಗೆಡವಿದರೆ ಒಡೆಯ ನಷ್ಟ ಕಟ್ಟಿಕೊಡಬೇಕು; ಆ ಪಟ್ಟಿಯಲ್ಲಿ ಬೆಕ್ಕಿಲ್ಲ. ಸಿಟ್ಟಿಗೆದ್ದು ಅದನ್ನು ಹಿಂಸಿಸಿದರೆ 2006ರ ಪ್ರಾಣಿ ಕಲ್ಯಾಣ ಕಾಯ್ದೆ ಗೃಹಸ್ಥನನ್ನೇ ಹಿಡಿಯುತ್ತದೆ. 2024ರ ಜೂನ್ 10ರಿಂದ ಸಾಕುಬೆಕ್ಕಿಗೆ ಮೈಕ್ರೋಚಿಪ್ ಕಡ್ಡಾಯ, ತಪ್ಪಿದರೆ 500 ಪೌಂಡ್‌ವರೆಗೆ ದಂಡ. ಹೀಗಾಗಿ ಪಾತಿಯಲ್ಲಿ ಕೂತಿರುವುದು ಯಾರ ಬೆಕ್ಕೆಂದು ಈಗ ನಿಸ್ಸಂದೇಹವಾಗಿ ತಿಳಿಯಬಹುದು. ತಿಳಿದು ಮಾಡುವಂಥದ್ದೇನೂ ಇಲ್ಲ.

ಶ್ರೀವೈಷ್ಣವರ ಮಾರ್ಜಾಲಕಿಶೋರ ನ್ಯಾಯದಲ್ಲಿ ತಾಯಿಬೆಕ್ಕೇ ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುತ್ತದೆ, ಮರಿಗೆ ಯಾವ ಹೊಣೆಯೂ ಇಲ್ಲ. ಆಂಗ್ಲ ನ್ಯಾಯದಲ್ಲಿ ಆ ಮರಿಯ ಸ್ಥಾನದಲ್ಲಿರುವವನು ಬೆಕ್ಕಿನ ಒಡೆಯ.

ಇನ್ನು ನಿವಾರಣೋಪಾಯ. ಕಿತ್ತಳೆ ಸಿಪ್ಪೆ, ಕಾಫಿ ಗಸಿ ಇವು ಸ್ಮಾರ್ತ ವಿಧಿಗಳು. ಮಳೆ ಬಂದರೆ ಮುಗಿಯಿತು. ಸಿಂಹದ ಲದ್ದಿಯ ವಾಸನೆ ಹಿಡಿಸಿದ ಗುಳಿಗೆಗಳೂ ‘ಸೈಲೆಂಟ್ ರೋರ್’ ಎಂಬ ಹೆಸರಿನಲ್ಲಿ ಮಾರಾಟವಾದವು. ಇದರ ಹಿಂದಿರುವುದು ಶುದ್ಧ ಅನುಮಾನ ಪ್ರಮಾಣ: ಎಲ್ಲಿ ಲದ್ದಿಯೋ ಅಲ್ಲಿ ಸಿಂಹ. ಬೆಕ್ಕು ತರ್ಕಶಾಸ್ತ್ರ ಓದಿದ್ದರೆ ಲಂಡನ್ನಿನ ಕ್ರಾಯ್ಡನ್ ಬಡಾವಣೆಯ ಹಿತ್ತಿಲಲ್ಲಿ ಸಿಂಹವಿದೆಯೆಂದು ಓಡಬೇಕು. ಮನುಷ್ಯನ ಕಿವಿಗೆ ಕೇಳದಷ್ಟು ಕೀರಲು ಸದ್ದು ಹೊರಡಿಸುವ ಯಂತ್ರಕ್ಕೆ ಇದಕ್ಕಿಂತ ಹೆಚ್ಚು ಮಾನವಿದೆ. 2006ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಬೆಕ್ಕಿನ ಭೇಟಿ ಸುಮಾರು ಮೂರನೇ ಒಂದರಷ್ಟು ತಗ್ಗಿತು. ಉಳಿದ ಎರಡು ಪಾಲು ಎಂದಿನಂತೆ.

ಬೆಕ್ಕಿನ ಕ್ರಿಯಾವಿಧಿಯನ್ನು ಹತ್ತಿರದಿಂದ ನೋಡಿದವನಿಗೆ ಮಾತ್ರ ಸಿದ್ಧಾಂತ ಹೊಳೆಯುತ್ತದೆ. ಅದು ಮಣ್ಣನ್ನು ಮೂಸುತ್ತದೆ, ಮುಂಗಾಲಲ್ಲಿ ಕೆದಕಿ ಗುಳಿ ತೋಡುತ್ತದೆ, ದಿಗಂತ ನೋಡುತ್ತ ಕೂರುತ್ತದೆ, ತಿರುಗಿ ಮತ್ತೊಮ್ಮೆ ಮೂಸಿ ಮುಚ್ಚುತ್ತದೆ. ಇದಕ್ಕೆಲ್ಲ ಸಡಿಲವಾದ ಒಣಮಣ್ಣು ಬೇಕು. ಗೃಹಸ್ಥ ಬೀಜ ಬಿತ್ತಲೆಂದು ಬೆವರು ಸುರಿಸಿ ಹದಮಾಡಿಟ್ಟಿರುವುದು ಅದನ್ನೇ. ಆದ್ದರಿಂದ ಪಾತಿಗೆ ನೀರುಣಿಸಿ ತೇವವಾಗಿಡುವುದು, ಸಸಿ ಏಳುವವರೆಗೆ ಮೇಲೆ ತಂತಿಜಾಲರಿ ಹಾಸುವುದು, ಬರಿ ನೆಲ ಕಾಣದಂತೆ ಒತ್ತಾಗಿ ನೆಡುವುದು – ಇವಿಷ್ಟೇ ಸಿದ್ಧಾಂತಿಗಳ ಮತ. ಸಿಂಹ ಬೇಕಿಲ್ಲ.

ದೇಶಾಂತರದ ಆಚಾರವೂ ವಿಚಾರಾರ್ಹ. ಅಮೆರಿಕದ ಇಲಿನಾಯ್ ಶಾಸನಸಭೆ 1949ರಲ್ಲಿ ಹಕ್ಕಿಗಳ ರಕ್ಷಣೆಗೆಂದು ಬೆಕ್ಕುಗಳ ಅಲೆದಾಟ ತಡೆಯುವ ಮಸೂದೆ ಪಾಸು ಮಾಡಿದಾಗ, ಅಲೆಯುವುದು ಬೆಕ್ಕಿನ ಹುಟ್ಟುಗುಣವೆಂದು ರಾಜ್ಯಪಾಲ ಅಡ್ಲಾಯ್ ಸ್ಟೀವನ್‌ಸನ್ ಅದಕ್ಕೆ ಅಂಕಿತ ಹಾಕಲಿಲ್ಲ. ಜರ್ಮನಿಯ ವಾಲ್‌ಡಾರ್ಫ್ ಪಟ್ಟಣದಲ್ಲಿ ಇದರ ತದ್ವಿರುದ್ಧ. ನೆಲದ ಮೇಲೆ ಗೂಡು ಕಟ್ಟುವ ಜುಟ್ಟಿನ ನೆಲಗುಬ್ಬಿಗಾಗಿ 2022ರಲ್ಲಿ ಒಂದು ಪ್ರದೇಶದ ಬೆಕ್ಕುಗಳನ್ನು ಆಗಸ್ಟ್ ಕೊನೆಯವರೆಗೆ ಮನೆಯೊಳಗಿಡಲು ಆಜ್ಞೆಯಾಯಿತು. ಬೆಕ್ಕು ಆ ಹಕ್ಕಿಯನ್ನು ಕೊಂದರೆ ದಂಡ 50,000 ಯೂರೋವರೆಗೆ ಇತ್ತು.

ಒಡೆಯನ ಧರ್ಮದ ಬಗ್ಗೆ ವಿದ್ವಾಂಸರಲ್ಲಿ ಭೇದವಿದೆ. ಬೆಕ್ಕಿಗೆ ಗಂಟೆ ಕಟ್ಟುವವರಾರೆಂಬ ಹಳೆಯ ಪ್ರಶ್ನೆಗೆ ಬ್ರಿಟನ್ನಿನ ಪಕ್ಷಿಸಂಘ ಉತ್ತರವಾಗಿ ಕಟ್ಟಿಯೇ ನೋಡಿತು. ಹಕ್ಕಿಗಳ ಬೇಟೆ 41 ಪ್ರತಿಶತ ಇಳಿಯಿತೆಂದಿತು. 2021ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದವರು ಗಂಟೆಯಿಂದ ಗಣನೀಯ ಫಲವಿಲ್ಲವೆಂದರು. ಮಾಂಸ ಹೆಚ್ಚಿರುವ ಆಹಾರ ಹಾಕಿದರೆ ಬೆಕ್ಕು ಮನೆಗೆ ತರುವ ಬೇಟೆ 36 ಪ್ರತಿಶತ, ದಿನಕ್ಕೆ ಐದು ಹತ್ತು ನಿಮಿಷ ಅದರೊಡನೆ ಆಡಿದರೆ 25 ಪ್ರತಿಶತ ಇಳಿಯುತ್ತದೆಂಬುದು ಅವರ ಮತ. ಕ್ಯಾರೆಟ್ ಪಾತಿಯ ಮಟ್ಟಿಗಂತೂ ಒಂದೇ ವಿಧಿ: ಒಡೆಯ ತನ್ನ ಹಿತ್ತಿಲಲ್ಲೇ ಒಂದು ಮೂಲೆಗೆ ಮರಳು ಸುರಿದು ಬೆಕ್ಕಿಗೆ ಬಿಟ್ಟುಕೊಡತಕ್ಕದ್ದು. ಇದಕ್ಕೆ ಒಡೆಯರ ಪರವಾಗಿ ಏಳುವ ಆಕ್ಷೇಪ, ಹಾಗೆ ಮಾಡಿದರೆ ತೋಟ ಹೊಲಸಾಗುತ್ತದೆ ಎಂಬುದು.